ದ್ರವ್ಯ, ಪರಮಾಣು, ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಎಂಟರಿಂದ ಹತ್ತನೇ ತರಗತಿ ಮಕ್ಕಳು ವಿಜ್ಞಾನದ ಪಾಠ ಮುಗಿದ ಮೇಲೆ ಕೇಳುವ ಪ್ರಶ್ನೆಗಳಿವು. ಕೆಲವು ಅವರ ಅಪ್ಪ-ಅವ್ವಂದಿರು ಕೇಳಿದವು. ವ್ಯಾಖ್ಯೆಗಳು ಪಠ್ಯಪುಸ್ತಕದಲ್ಲಿ ಇದ್ದೇ ಇರುತ್ತವೆ, ಅವನ್ನೇ ಇಲ್ಲಿ ಮತ್ತೆ ಬರೆದು ಉಪಯೋಗವಿಲ್ಲ. ಪ್ರತಿ ಉತ್ತರದಲ್ಲೂ ನಾನು ಹುಡುಕಿರುವುದು ಎರಡೇ: ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಈ ಲೆಕ್ಕ ಕೂಡಿಸಲು ಬಂದರೆ ಬಾಯಿಪಾಠ ಮಾಡಬೇಕಾದದ್ದು ಬಹಳ ಕಡಿಮೆ ಉಳಿಯುತ್ತದೆ.

ಗಾಳಿಯೂ ದ್ರವ್ಯವಾ? ಕಣ್ಣಿಗೆ ಕಾಣೋದೇ ಇಲ್ವಲ್ಲ?

ಹೌದು, ದ್ರವ್ಯವೇ. ಜಾಗ ಹಿಡಿಯಬೇಕು, ರಾಶಿ ಇರಬೇಕು, ಅಷ್ಟೇ ಷರತ್ತು. ಕಾಣಬೇಕು ಅಂತ ಎಲ್ಲೂ ಇಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ 35 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಮನೆಯ ಗ್ಯಾಸ್ ಸಿಲಿಂಡರ್ ನೋಡಿ. ಖಾಲಿ ಸಿಲಿಂಡರ್ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ತುಂಬಿದ್ದನ್ನು ತೂಗಿದರೆ 14.2 ಕೆ.ಜಿ. ಜಾಸ್ತಿ ಬರಬೇಕು. ಒಲೆಯಲ್ಲಿ ಅದು ಅನಿಲವಾಗಿ ಉರಿಯುತ್ತದೆ, ಆದರೂ ನಾವು ದುಡ್ಡು ಕೊಡುವುದು ಕಿಲೋ ಲೆಕ್ಕದಲ್ಲೇ.

ಬೆಳಕು, ಶಬ್ದ, ಉಷ್ಣ ದ್ರವ್ಯವಲ್ಲ. ಅವು ಶಕ್ತಿಯ ರೂಪಗಳು.

ಹಾಗಾದರೆ ಬೆಂಕಿ?

ಬೆಂಕಿಯಲ್ಲಿ ಎರಡೂ ಇವೆ. ಜ್ವಾಲೆ ಅನ್ನುವುದು ಕಾದ ಅನಿಲ ಮತ್ತು ಮಸಿಯ ಸಣ್ಣ ಕಣಗಳು, ಅದು ದ್ರವ್ಯ. ಆ ಕಣಗಳು ಕಾದು ಹೊಳೆಯುವುದರಿಂದಲೇ ಕಟ್ಟಿಗೆ ಬೆಂಕಿ ಹಳದಿಯಾಗಿ ಕಾಣುತ್ತದೆ. ಅದರಿಂದ ನಮ್ಮ ಕಡೆಗೆ ಬರುವ ಬೆಳಕು, ಬಿಸಿ ಶಕ್ತಿ.

ಪರಮಾಣು ಎಷ್ಟು ಸಣ್ಣದು? ಯಾರೂ ನೋಡದೆ ಇದೆ ಅಂತ ಹೇಗೆ ಹೇಳಿದರು?

ಪರಮಾಣುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಹೋದರೆ ಒಂದು ಮಿಲಿಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ ಒಂದು ಕೋಟಿ ಬೇಕಾಗುತ್ತವೆ, ಕೆಲವು ಧಾತುಗಳದು ಸ್ವಲ್ಪ ದೊಡ್ಡದು. 18 ಗ್ರಾಂ ನೀರು ಅಂದರೆ ಒಂದು ಗುಟುಕು. ಅದರಲ್ಲಿರುವ ಅಣುಗಳ (ಪರಮಾಣುಗಳು ಕೂಡಿಕೊಂಡ ಗುಂಪುಗಳ) ಸಂಖ್ಯೆ ಬರೆಯಲು 6ರ ಮುಂದೆ 23 ಸೊನ್ನೆ ಹಾಕಬೇಕು.

ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟ. ಜಾನ್ ಡಾಲ್ಟನ್ 19ನೇ ಶತಮಾನದ ಶುರುವಿನಲ್ಲೇ ಪರಮಾಣು ಸಿದ್ಧಾಂತ ಮಂಡಿಸಿದ್ದರು. ಆದರೂ ಅದು ಲೆಕ್ಕಕ್ಕೆ ಅನುಕೂಲ ಅಷ್ಟೇ, ನಿಜವಾಗಿ ಇಲ್ಲ ಎನ್ನುವ ದೊಡ್ಡ ವಿಜ್ಞಾನಿಗಳು ಆ ಶತಮಾನದ ಕೊನೆಯವರೆಗೂ ಇದ್ದರು. ಅನುಮಾನ ಕಳೆದದ್ದು ನೀರಿನಲ್ಲಿ ತೇಲುವ ಕಣಗಳಿಂದ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಪರಾಗದಿಂದ ಬಂದ ಸಣ್ಣ ಕಣಗಳು ನೀರಿನಲ್ಲಿ ಸುಮ್ನೆ ನಿಲ್ಲದೆ ಆ ಕಡೆ ಈ ಕಡೆ ಜಿಗಿಯುತ್ತಿದ್ದವು. ತಳ್ಳುವವರು ಯಾರು? ಕಣ್ಣಿಗೆ ಕಾಣದ ನೀರಿನ ಅಣುಗಳೇ ಎಲ್ಲ ಕಡೆಯಿಂದ ಬಂದು ಗುದ್ದುತ್ತಿವೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಕಣ ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗಬೇಕು ಅಂತಲೂ ಹೇಳಿದರು. ಫ್ರಾನ್ಸಿನ ಜಾನ್ ಪೆರಾನ್ ಅದನ್ನು ಅಳೆದು ನೋಡಿದರು, ಲೆಕ್ಕ ಕೂಡಿತು. ಆ ಕೆಲಸಕ್ಕೆ 1926ರಲ್ಲಿ ನೊಬೆಲ್ ಬಂತು. ಈಗ ಒಂದೊಂದೇ ಪರಮಾಣುವಿನ ಚಿತ್ರ ತೆಗೆಯುವ ಯಂತ್ರಗಳಿವೆ. ಆದರೆ ಚಿತ್ರ ಸಿಗುವ ಎಷ್ಟೋ ವರ್ಷ ಮೊದಲೇ ಜನ ಒಪ್ಪಿದ್ದು ಈ ಜಿಗಿತ ನೋಡಿ.

ಪರಮಾಣು ಒಳಗೆ ಪೂರ್ತಿ ಖಾಲಿ ಅಂತಾರೆ. ಹಾಗಾದರೆ ಗೋಡೆ ಒಳಗೆ ಕೈ ಯಾಕೆ ಹೋಗಲ್ಲ?

1909ರಲ್ಲಿ ರುದರ್‌ಫೋರ್ಡ್ ಅವರ ಜೊತೆ ಕೆಲಸ ಮಾಡುತ್ತಿದ್ದ ಗೈಗರ್ ಮತ್ತು ಮಾರ್ಸ್ಡನ್ ತೆಳು ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳೆಂಬ, ಪರಮಾಣುವಿಗಿಂತ ಬಹಳ ಸಣ್ಣ ವೇಗದ ಕಣಗಳನ್ನು ಹಾಯಿಸಿದರು. ಹೆಚ್ಚಿನವು ನೇರ ಆಚೆ ಹೋದವು. ಎಲ್ಲೋ ಒಂದೊಂದು ಮಾತ್ರ ಬಂದ ದಾರಿಗೇ ವಾಪಸ್ ಬಂತು. ಅಂದರೆ ಭಾರವೆಲ್ಲ ನಡುವೆ ಬಹಳ ಸಣ್ಣ ಜಾಗದಲ್ಲಿ ಸೇರಿಕೊಂಡಿದೆ ಎಂದಾಯಿತು, ಅದೇ ನ್ಯೂಕ್ಲಿಯಸ್. ಎಷ್ಟು ಸಣ್ಣದು? ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ಆ ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಚಿನ್ನದ ಒಂದು ಪರಮಾಣುವನ್ನು ಅಷ್ಟು ದೊಡ್ಡದು ಮಾಡಿದರೆ ಅದರ ನ್ಯೂಕ್ಲಿಯಸ್ ನಡುವೆ ಒಂದು ಸಾಸಿವೆ ಕಾಳಿನಷ್ಟು ಇರುತ್ತದೆ. ಪರಮಾಣುವಿನ ತೂಕವೆಲ್ಲ ಆ ಕಾಳಿನಲ್ಲೇ.

ಉಳಿದ ಜಾಗ ಖಾಲಿ ಅನ್ನುವುದು ಅರ್ಧ ಸತ್ಯ. ಅಲ್ಲಿ ಎಲೆಕ್ಟ್ರಾನ್‌ಗಳಿವೆ. ತೂಕ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆದರೆ ಆ ಜಾಗವೆಲ್ಲ ಅವುಗಳದೇ ವಶದಲ್ಲಿದೆ. ನಿಮ್ಮ ಕೈಯ ಎಲೆಕ್ಟ್ರಾನ್‌ಗಳು ಗೋಡೆಯ ಎಲೆಕ್ಟ್ರಾನ್‌ಗಳ ಹತ್ತಿರ ಬಂದಾಗ ಒಂದನ್ನೊಂದು ತಳ್ಳುತ್ತವೆ. ಅದೂ ಅಲ್ಲದೆ, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರುವಂತಿಲ್ಲ ಎಂಬ ನಿಯಮ ಇದೆ. ಇವೆರಡೂ ಸೇರಿ ಕೈಯನ್ನು ತಡೆಯುತ್ತವೆ. ಗಟ್ಟಿ ಅಂತ ನಾವು ಹೇಳುವುದು ಈ ತಡೆಗೇ.

ಧಾತು, ಸಂಯುಕ್ತ, ಮಿಶ್ರಣ ಯಾವಾಗಲೂ ಗೊಂದಲ ಆಗುತ್ತೆ. ಸುಲಭ ದಾರಿ ಇದೆಯಾ?

ಗೋಕಾಕ ಅಥವಾ ಅಮೀನಗಡದ ಕರದಂಟು ಮಿಶ್ರಣ. ಬೆಲ್ಲ, ಅಂಟು, ಗೋಡಂಬಿ, ಕೊಬ್ಬರಿ ಎಲ್ಲ ತಮ್ಮ ತಮ್ಮ ರುಚಿ ಇಟ್ಟುಕೊಂಡೇ ಇವೆ, ಬಿಡಿಸಿ ತೆಗೆಯಬಹುದು, ಅಳತೆ ಹೆಚ್ಚುಕಮ್ಮಿ ಮಾಡಿದರೂ ಕರದಂಟೇ. ನೀರು ಹಾಗಲ್ಲ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಎಂಬ ಅಳತೆ ತಪ್ಪಿದರೆ ಅದು ನೀರೇ ಅಲ್ಲ. ಉರಿಯುವ ಹೈಡ್ರೋಜನ್, ಉರಿಸುವ ಆಕ್ಸಿಜನ್ ಸೇರಿ ಬೆಂಕಿ ಆರಿಸುವ ನೀರಾಗಿದೆ, ಹಳೆಯ ಗುಣ ಒಂದೂ ಉಳಿದಿಲ್ಲ. ಅದು ಸಂಯುಕ್ತ. ಒಂದೇ ಬಗೆಯ ಪರಮಾಣು ಇದ್ದರೆ ಧಾತು. ಇಲ್ಲಿಯವರೆಗೆ ಗೊತ್ತಿರುವ ಧಾತುಗಳು 118.

ಮಿಶ್ರಲೋಹ ಕೇಳಿದಾಗ ಮಾತ್ರ ಮಕ್ಕಳು ತಡವರಿಸುತ್ತಾರೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಕದ ಕಂಚಿನ ಎರಕ. ನೋಡಲು ಎಲ್ಲ ಕಡೆ ಒಂದೇ ಥರ ಇದೆ, ಹಾಗಂತ ಸಂಯುಕ್ತ ಅನ್ನಬೇಡಿ. ಕಂಚಿನಲ್ಲಿ ತಾಮ್ರ, ತವರದ ಅಳತೆ ಬೇಕಾದಂತೆ ಬದಲಿಸಬಹುದು. ಅದು ಮಿಶ್ರಣವೇ, ಹದವಾಗಿ ಬೆರೆತ ಮಿಶ್ರಣ.

ನೀರು ಕುದಿಯುವಾಗ ಬರುವ ಗುಳ್ಳೆಯೊಳಗೆ ಏನಿರುತ್ತೆ?

ಗಾಳಿ ಅಂತ ಅರ್ಧ ತರಗತಿ ಹೇಳುತ್ತದೆ. ಹೈಡ್ರೋಜನ್, ಆಕ್ಸಿಜನ್ ಅಂತ ಇನ್ನರ್ಧ. ಎರಡೂ ಅಲ್ಲ. ಪಾತ್ರೆ ಬೆಚ್ಚಗಾಗುವಾಗ ಮೊದಲು ಅಂಚಿಗೆ ಅಂಟುವ ಚಿಕ್ಕ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ, ನಿಜ. ಆದರೆ ಕುದಿಯುವಾಗ ಏಳುವ ದೊಡ್ಡ ಗುಳ್ಳೆಯಲ್ಲಿ ಇರುವುದು ನೀರಿನ ಆವಿ. ನೀರಿನ ಅಣು ಒಡೆದಿಲ್ಲ, ಒಂದರಿಂದೊಂದು ದೂರ ಹೋಗಿವೆ ಅಷ್ಟೇ. ಒಂದು ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1,700 ಮಿಲಿಲೀಟರ್ ಜಾಗ ಕೇಳುತ್ತದೆ. ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವುದು ಇದರಿಂದಲೇ. ಹಿಟ್ಟಿನೊಳಗಿನ ಸ್ವಲ್ಪ ನೀರು ಸಾಕು.

ಇನ್ನೊಂದು ಮಾತು. ನೀರು 100 ಡಿಗ್ರಿಗೆ ಕುದಿಯುತ್ತದೆ ಅನ್ನುವುದು ಸಮುದ್ರ ಮಟ್ಟದ ಮಾತು. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 97.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಶಾಲೆಯ ಪ್ರಯೋಗದಲ್ಲಿ ಥರ್ಮಾಮೀಟರ್ 97 ತೋರಿಸಿದರೆ ಮಕ್ಕಳು ಹೆದರಿ 100 ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಡದ್ದನ್ನೇ ಬರೆಯಿರಿ.

ಬಿಸಿಲು ಜಾಸ್ತಿ ಇದ್ದಾಗಲೇ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತೆ. ಇದು ಹೇಗೆ?

ಗಡಿಗೆಯ ಮೈಯಿಂದ ನೀರು ಜಿನುಗಿ ಹೊರಗೆ ಆವಿಯಾಗುತ್ತದೆ. ಆವಿಯಾಗಲು ಅಣುಗಳಿಗೆ ಶಕ್ತಿ ಬೇಕು, ಅದನ್ನು ಅವು ಗಡಿಗೆಯಲ್ಲಿ ಉಳಿದ ನೀರಿನಿಂದಲೇ ತೆಗೆದುಕೊಳ್ಳುತ್ತವೆ. ಲೆಕ್ಕ ಹಾಕೋಣ. ಒಂದು ಗ್ರಾಂ ನೀರು ಹೀಗೆ ಹೋಗುವಾಗ ಸುಮಾರು 2,400 ಜೂಲ್ (ಶಕ್ತಿ ಅಳೆಯುವ ಮಾನ) ಒಯ್ಯುತ್ತದೆ. ಹತ್ತು ಲೀಟರಿನ ಗಡಿಗೆಯಿಂದ 100 ಮಿಲಿಲೀಟರ್ ಆವಿಯಾದರೆ, ಹೊರಗಿನಿಂದ ಬಿಸಿ ಒಳಗೆ ಬರದಿದ್ದರೆ, ಉಳಿದ ನೀರು ಐದಾರು ಡಿಗ್ರಿ ತಣ್ಣಗಾಗುತ್ತದೆ.

ಏಪ್ರಿಲ್‌ನಲ್ಲಿ ವಿಜಯಪುರದ ಗಾಳಿ ಒಣ ಗಾಳಿ, ಆವಿ ಬೇಗ ಹೋಗುತ್ತದೆ. ಜುಲೈನಲ್ಲಿ ಬೆಳಗಾವಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಅದೇ ಗಡಿಗೆ ಅಷ್ಟು ತಂಪು ಕೊಡಲ್ಲ. ಗಡಿಗೆಗೆ ಹೊರಗಿನಿಂದ ಪೇಂಟ್ ಬಳಿಯಬೇಡಿ, ಜಿನುಗುವ ತೂತುಗಳು ಮುಚ್ಚಿಹೋಗುತ್ತವೆ.

ಉಷ್ಣ, ತಾಪ ಎರಡೂ ಒಂದೇ ಅಲ್ವಾ?

ಅಲ್ಲ. ಬೆಳಗಾವಿಯ ಉದ್ಯಮಬಾಗ ಕಡೆ ಕಾರ್ಖಾನೆಗಳಲ್ಲಿ ಗ್ರೈಂಡರ್ ಹಿಡಿದಾಗ ಕಿಡಿ ಹಾರುತ್ತವಲ್ಲ, ಅವುಗಳ ತಾಪ ಸಾವಿರ ಡಿಗ್ರಿ ದಾಟಿರುತ್ತದೆ. ಕೈಗೆ ಬಿದ್ದರೆ ಚುರ್ ಅನ್ನುತ್ತದೆ, ಅಷ್ಟೇ. ಒಂದು ಕೊಡ ಕುದಿವ ನೀರು ಬಿದ್ದರೆ ಜೀವಕ್ಕೇ ಕುತ್ತು. ತಾಪ ಹೇಳುವುದು ಕಣಗಳು ಸರಾಸರಿ ಎಷ್ಟು ಜೋರಾಗಿ ಆಡುತ್ತಿವೆ ಅಂತ. ಉಷ್ಣ ಅಂದರೆ ಬಿಸಿಯಾದದ್ದರಿಂದ ತಣ್ಣಗಿನದಕ್ಕೆ ಹರಿಯುವ ಶಕ್ತಿ, ಅದು ಎಷ್ಟು ಅನ್ನುವುದು ವಸ್ತು ಎಷ್ಟಿದೆ ಎಂಬುದರ ಮೇಲೂ ನಿಂತಿದೆ. ಆದರೂ ಗ್ರೈಂಡರ್ ಹತ್ತಿರ ಹೋದರೆ ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಒಂದು ಕಿಡಿ ಸಾಕು.

ಕಬ್ಬು ಇಷ್ಟೆತ್ತರ ಬೆಳೆಯುತ್ತೆ, ಆ ತೂಕ ಎಲ್ಲಿಂದ ಬರುತ್ತೆ? ಮಣ್ಣಿಂದಾನಾ?

ರೈತರ ಮಕ್ಕಳು ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬುವರು ಒಣಮಣ್ಣು ತೂಗಿ ಕುಂಡಕ್ಕೆ ಹಾಕಿ ವಿಲೋ ಗಿಡ ನೆಟ್ಟು, ಬರೀ ನೀರು ಹಾಕುತ್ತಾ ಐದು ವರ್ಷ ಬೆಳೆಸಿದರು. ಗಿಡದ ತೂಕ ಸುಮಾರು 74 ಕೆ.ಜಿ. ಏರಿತು. ಮಣ್ಣು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು 60 ಗ್ರಾಂ ಒಳಗೆ. ಎಲ್ಲ ನೀರಿನಿಂದಲೇ ಬಂತು ಅಂದುಕೊಂಡರು ಅವರು. ನೀರು ಕಾರಣ ಹೌದು, ಪೂರ್ತಿ ಅಲ್ಲ. ಗಾಳಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಿಂತ ಕಬ್ಬಿನ ತೂಕದಲ್ಲಿ ಹೆಚ್ಚಿನದು ನೀರೇ. ಆದರೆ ಅದರ ಸಕ್ಕರೆ ನೋಡಿ. ಒಂದು ಕೆ.ಜಿ. ಶುದ್ಧ ಸಕ್ಕರೆಯಲ್ಲಿ ಸುಮಾರು 420 ಗ್ರಾಂ ಇಂಗಾಲ. ಆ ಇಂಗಾಲ ಅಷ್ಟೂ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಎಲೆಯ ಮೂಲಕ ಬಂದದ್ದು. ಗಾಳಿಯಲ್ಲಿ ಅದು ಇರುವುದೇ 0.04 ಶೇಕಡಾ ಆಸುಪಾಸು. ಅಷ್ಟು ತೆಳುವಾದದ್ದನ್ನು ಹಿಡಿದು, ಬಿಸಿಲಿನ ಶಕ್ತಿ ಬಳಸಿ, ನೀರಿನ ಜೊತೆ ಕೂಡಿಸಿ ಗಿಡ ಸಕ್ಕರೆ ಮಾಡುತ್ತದೆ. ಗೊಬ್ಬರ ಬೇಡವೇ ಅಂದರೆ ಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ ಇಲ್ಲದೆ ಎಲೆಯೇ ಬೆಳೆಯಲ್ಲ. ತೂಕದಲ್ಲಿ ಮಾತ್ರ ಅವುಗಳ ಪಾಲು ಸಣ್ಣದು.

ಈಗ ಬೆಲ್ಲದ ಗಾಣಕ್ಕೆ ಬನ್ನಿ. ರಸ ಹಿಂಡಿದ ಸಿಪ್ಪೆ ಒಣಗಿಸಿ ಅದನ್ನೇ ಒಲೆಗೆ ಹಾಕಿ ಕೊಪ್ಪರಿಗೆ ಕಾಯಿಸುತ್ತಾರೆ. ರಾಶಿ ಸಿಪ್ಪೆ ಉರಿದು ಹಿಡಿ ಬೂದಿ ಉಳಿಯುತ್ತದೆ. ಉಳಿದದ್ದು ನಾಶವಾಯಿತಾ? ಇಲ್ಲ. ಗಾಳಿಯಿಂದ ಬಂದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೇ ಹೋಯಿತು, ಹೈಡ್ರೋಜನ್ ನೀರಿನ ಆವಿಯಾಗಿ ಹೋಯಿತು. ಮಣ್ಣಿನಿಂದ ಬಂದ ಖನಿಜ ಬೂದಿಯಾಗಿ ಒಲೆಯಲ್ಲಿ ಉಳಿಯಿತು. ಒಲೆಯಲ್ಲಿ ಉರಿದ ಬಿಸಿ ಯಾವುದು ಅಂದರೆ, ಕಬ್ಬು ಹಿಡಿದಿಟ್ಟ ಬಿಸಿಲು.

ಸುಣ್ಣದ ಹರಳಿಗೆ ನೀರು ಹಾಕಿದರೆ ಕುದಿಯುತ್ತೆ. ಕೆಳಗೆ ಬೆಂಕಿನೇ ಇಲ್ಲ, ಆ ಬಿಸಿ ಎಲ್ಲಿಂದ?

ಬಾಗಲಕೋಟೆ, ಲೋಕಾಪುರ ಕಡೆ ಸುಣ್ಣದಕಲ್ಲು ಹೇರಳ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದಕ್ಕೇ. ಆ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟಿಯಲ್ಲಿ 900 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಗ್ರಾಂ ಶುದ್ಧ ಕಲ್ಲು ಹಾಕಿದರೆ 56 ಗ್ರಾಂ ಸುಟ್ಟ ಸುಣ್ಣ (ಇದೇ ಸುಣ್ಣದ ಹರಳು) ಸಿಗುತ್ತದೆ, 44 ಗ್ರಾಂ ಗಾಳಿಗೆ. ಕೈಗೆ ತೆಗೆದುಕೊಂಡರೆ ಹರಳು ಕಲ್ಲಿಗಿಂತ ಹಗುರ ಅನಿಸುವುದು ಇದಕ್ಕೇ.

ಈ ಬದಲಾವಣೆಗೆ ಆ 100 ಗ್ರಾಂ ಕಲ್ಲು 178 ಕಿಲೋಜೂಲ್ ಶಕ್ತಿ ತೆಗೆದುಕೊಳ್ಳುತ್ತದೆ. ಈ ಅಂಕಿ ನೆನಪಿಡಿ. ಇನ್ನು ಆ 56 ಗ್ರಾಂ ಸುಣ್ಣಕ್ಕೆ ನೀರು ಹಾಕುತ್ತೀರಿ. ಮೊದಲು ಹರಳು ನೀರು ಹೀರುತ್ತದೆ, ಏನೂ ಆಗಲಿಲ್ಲ ಅನಿಸುತ್ತದೆ. ಆಮೇಲೆ ಬಿರುಕು ಬಿಡುತ್ತದೆ, ಬುಸುಗುಟ್ಟುತ್ತದೆ, ಉಬ್ಬಿ ಪುಡಿಯಾಗುತ್ತದೆ, ಹಬೆ ಏಳುತ್ತದೆ. ಹೊರಬರುವ ಶಕ್ತಿ 65 ಕಿಲೋಜೂಲ್.

ಉಳಿದ 113? ಅದಕ್ಕೆ ಗೋಡೆ ನೋಡಬೇಕು. ಬಳಿದ ಸುಣ್ಣ ದಿನಗಳು, ವಾರಗಳು ಕಳೆದಂತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ನೀರು ಬಿಟ್ಟುಕೊಡುತ್ತದೆ. ಅಂದರೆ ಗೋಡೆಯ ಮೇಲೆ ತೆಳುವಾಗಿ ಮತ್ತೆ ಸುಣ್ಣದಕಲ್ಲೇ ಹುಟ್ಟಿತು. ಆಗ ಬರುವ ಶಕ್ತಿ 113 ಕಿಲೋಜೂಲ್. ಬಹಳ ನಿಧಾನವಾಗಿ ಬರುವುದರಿಂದ ಗೋಡೆ ಮುಟ್ಟಿದರೆ ಬಿಸಿ ಗೊತ್ತಾಗಲ್ಲ. 65ಕ್ಕೆ 113 ಕೂಡಿಸಿ: 178. ತೂಕದಲ್ಲೂ ಅಷ್ಟೇ, ಹೋದ 44 ಗ್ರಾಂ ವಾಪಸ್ ಬಂತು. ಶಕ್ತಿಯ ಸಂರಕ್ಷಣೆ, ರಾಶಿಯ ಸಂರಕ್ಷಣೆ ಎರಡನ್ನೂ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ನನಗೆ ಸಿಕ್ಕಿಲ್ಲ.

ಮಕ್ಕಳು ಇದನ್ನು ದೂರದಿಂದ ನೋಡಲಿ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದರೆ ತಕ್ಷಣ ಧಾರಾಳ ನೀರು ಹಾಕಿ ತೊಳೆಯುತ್ತಲೇ ಇರಿ, ಆಮೇಲೆ ದವಾಖಾನೆಗೆ ಹೋಗಿ.

ಬಂಧ ಮುರಿದಾಗ ಶಕ್ತಿ ಹೊರಬರುತ್ತೆ ಅಲ್ವಾ ಸರ್?

ಅಲ್ಲ. ಬಹಳ ಜನ ಹೀಗೇ ತಿಳಿದಿದ್ದಾರೆ. ಪರಮಾಣುಗಳ ನಡುವಿನ ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು. ಹೊಸ ಬಂಧ ಕಟ್ಟಿಕೊಂಡಾಗ ಶಕ್ತಿ ಬರುತ್ತದೆ. ಕಟ್ಟಿಗೆ ಉರಿಯುವಾಗ ಹಳೆ ಬಂಧ ಮುರಿಯಲು ಹಾಕಿದ್ದಕ್ಕಿಂತ, ಆಕ್ಸಿಜನ್ ಜೊತೆ ಹೊಸ ಬಂಧ ಕಟ್ಟಿದಾಗ ಬರುವುದು ಜಾಸ್ತಿ. ಆ ಉಳಿಕೆಯೇ ನಮಗೆ ಸಿಗುವ ಬಿಸಿ. ಮೊದಲು ಕಡ್ಡಿ ಗೀರಿ ಹೊತ್ತಿಸಬೇಕಾದದ್ದೂ ಇದಕ್ಕೇ.

ಶಕ್ತಿ ಹುಟ್ಟಿಸೋಕಾಗಲ್ಲ ಅಂತೀರಿ, ಆಲಮಟ್ಟಿಯಲ್ಲಿ ಕರೆಂಟ್ ಉತ್ಪಾದನೆ ಅಂತಾರಲ್ಲ?

ಅಲ್ಲಿ ನಡೆಯುವುದು ರೂಪ ಬದಲಾವಣೆ. ಬಿಸಿಲು ಸಮುದ್ರದ ನೀರನ್ನು ಮೇಲೆತ್ತಿತು, ಅದು ಮಹಾಬಳೇಶ್ವರದ ಕಡೆ ಮಳೆಯಾಗಿ ಸುರಿದು ಕೃಷ್ಣೆಯಾಯಿತು. ಎತ್ತರದಲ್ಲಿ ನಿಂತ ನೀರಿಗೆ ಇರುವ ಶಕ್ತಿ ಬೀಳುವಾಗ ವೇಗವಾಗುತ್ತದೆ, ಟರ್ಬೈನ್ ತಿರುಗುತ್ತದೆ, ಜನರೇಟರ್‌ನಲ್ಲಿ ವಿದ್ಯುತ್ ಆಗುತ್ತದೆ. ಆಲಮಟ್ಟಿಯ ಸಾಮರ್ಥ್ಯ 290 ಮೆಗಾವ್ಯಾಟ್.

ಒಂದು ಯೂನಿಟ್ ಎಷ್ಟು ದೊಡ್ಡದು ಅಂತ ತಿಳಿಯಲು ಗೋಕಾಕ ಜಲಪಾತದ ಲೆಕ್ಕ ಮಾಡಿ. ಎತ್ತರ ಸುಮಾರು 52 ಮೀಟರ್. ಅಲ್ಲಿ ಬೀಳುವ ಒಂದು ಲೀಟರ್ ನೀರು ಕೊಡುವುದು 510 ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಹನಿಯೂ ವ್ಯರ್ಥವಾಗದಿದ್ದರೂ ಒಂದು ಯೂನಿಟ್‌ಗೆ ಏಳು ಸಾವಿರ ಲೀಟರ್ ನೀರು ಆ ಬಂಡೆಯಿಂದ ಬೀಳಬೇಕು! ಸುಮ್ನೆ ತಿರುಗುವ ಫ್ಯಾನ್ ಆರಿಸಿ ಅಂತ ಮಕ್ಕಳಿಗೆ ಹೇಳುವಾಗ ಈ ಲೆಕ್ಕ ತೋರಿಸಿ. ಇದೇ ಬೀಳುವ ನೀರಿನ ಬಲವನ್ನು 19ನೇ ಶತಮಾನದ ಕೊನೆಯಲ್ಲೇ ಗೋಕಾಕ ಮಿಲ್‌ಗೆ ಬಳಸಿಕೊಂಡಿದ್ದರು.

ಫ್ರಿಜ್ ಬಾಗಿಲು ತೆಗೆದಿಟ್ಟರೆ ಕೋಣೆ ತಂಪಾಗುತ್ತಾ?

ಇಲ್ಲ, ಇನ್ನೂ ಬಿಸಿಯಾಗುತ್ತದೆ. ಒಳಗಿನ ಬಿಸಿಯನ್ನು ಫ್ರಿಜ್ ಹಿಂಭಾಗದಿಂದ ಅದೇ ಕೋಣೆಗೆ ಬಿಡುತ್ತದೆ. ಜೊತೆಗೆ ಅದು ತಿಂದ ಕರೆಂಟ್ ಕೂಡ ಬಿಸಿಯಾಗಿ ಕೋಣೆಗೇ ಸೇರುತ್ತದೆ.

ಗೋಲಗುಮ್ಮಟದಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳುತ್ತೆ. ಗಾಳಿ ಅಲ್ಲಿಯವರೆಗೆ ಹೋಗುತ್ತಾ?

ಗಾಳಿ ಹೋಗಲ್ಲ, ಶಕ್ತಿ ಹೋಗುತ್ತದೆ. ಗಾಳಿಯ ಕಣಗಳು ಇದ್ದಲ್ಲೇ, ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ದೂರ ಹಿಂದೆ ಮುಂದೆ ಆಡಿ ಪಕ್ಕದವನ್ನು ತಳ್ಳುತ್ತವೆ. ಬಾಗಿದ ಗೋಡೆ ಆ ಅಲೆಯನ್ನು ಚದುರಲು ಬಿಡದೆ ತನ್ನ ಮೈಗುಂಟ ಒಯ್ಯುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್ ವೇಗ. ಕೊನೆಗೆ ಆ ಶಬ್ದವೆಲ್ಲ ಗೋಡೆ, ಗಾಳಿಯಲ್ಲಿ ಅಳೆಯಲಾಗದಷ್ಟು ಸಣ್ಣ ಬಿಸಿಯಾಗಿ ಉಳಿಯುತ್ತದೆ.

ಇ ಈಕ್ವಲ್ಸ್ ಎಂ ಸಿ ಸ್ಕ್ವೇರ್ ಅಂದರೆ ದ್ರವ್ಯವೇ ಶಕ್ತಿ ಆಗೋದಾ? ಆಗ ಸಂರಕ್ಷಣೆ ಸುಳ್ಳಾಯಿತಲ್ಲ?

ಈ ಸೂತ್ರದಲ್ಲಿ ಇ ಅಂದರೆ ಶಕ್ತಿ, ಎಂ ಅಂದರೆ ರಾಶಿ, ಸಿ ಅಂದರೆ ಬೆಳಕಿನ ವೇಗ. ಸಂರಕ್ಷಣೆ ಸುಳ್ಳಾಗಲಿಲ್ಲ, ರಾಶಿ ಮತ್ತು ಶಕ್ತಿಯ ಎರಡು ಲೆಕ್ಕದ ಪುಸ್ತಕ ಒಂದಾದವು. ಕೈಗಾದಂಥ ಅಣುಸ್ಥಾವರದಲ್ಲಿ ಯುರೇನಿಯಂ ನ್ಯೂಕ್ಲಿಯಸ್ ಒಡೆದಾಗ ಅದರೊಳಗಿನ ಕಣಗಳಾದ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ ಅಷ್ಟೇ ಇರುತ್ತದೆ. ಆದರೆ ಚೂರುಗಳಲ್ಲಿ ಅವು ಇನ್ನೂ ಬಿಗಿಯಾಗಿ ಕೂಡಿಕೊಳ್ಳುತ್ತವೆ, ಹಾಗಾಗಿ ಒಟ್ಟು ರಾಶಿ ಸ್ವಲ್ಪ ಇಳಿಯುತ್ತದೆ. ಒಂದು ಕೆ.ಜಿ. ಯುರೇನಿಯಂ-235 ಪೂರ್ತಿ ಒಡೆದರೆ ಸುಮಾರು ಒಂದು ಗ್ರಾಂ.

ಆ ಒಂದು ಗ್ರಾಂಗೆ ಸಮನಾದ ಶಕ್ತಿ ಎರಡೂವರೆ ಕೋಟಿ ಯೂನಿಟ್. ವಿಜಯಪುರ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2,400 ಮೆಗಾವ್ಯಾಟ್ ಪೂರ್ಣ ಸಾಮರ್ಥ್ಯದಲ್ಲಿ ಹತ್ತು ಗಂಟೆಗೂ ಜಾಸ್ತಿ ಓಡಿದರೆ ಅಷ್ಟು ವಿದ್ಯುತ್ ಬರುತ್ತದೆ. ಕಲ್ಲಿದ್ದಲು ಉರಿದಾಗಲೂ ರಾಶಿ ಇಳಿಯುತ್ತದೆ, ಆದರೆ ಒಂದು ಟನ್‌ಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಅದಕ್ಕೇ ರಸಾಯನಶಾಸ್ತ್ರದಲ್ಲಿ ರಾಶಿ ಬದಲಾಗಲ್ಲ ಅಂತ ಬರೆದರೆ ತಪ್ಪಲ್ಲ, ಪರೀಕ್ಷೆಯಲ್ಲೂ ಹಾಗೇ ಬರೆಯಿರಿ.

ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಇದೆ. ಎರಡು ಲೀಟರಿನ ಖಾಲಿ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಅದರೊಳಗೆ ಎರಡು ನಿಂಬೆಹಣ್ಣಿನ ರಸ ಹಿಂಡಿ. ಒಂದು ಟೀ ಚಮಚ ಅಡುಗೆ ಸೋಡಾವನ್ನು ತೆಳು ಕಾಗದದಲ್ಲಿ ಸುತ್ತಿ ಪೊಟ್ಟಣ ಮಾಡಿ. ಬಾಟಲಿ, ಮುಚ್ಚಳ, ಪೊಟ್ಟಣ ಎಲ್ಲ ಸೇರಿಸಿ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಪೊಟ್ಟಣ ಒಳಗೆ ಹಾಕಿ ತಕ್ಷಣ ಮುಚ್ಚಳ ಬಿಗಿ ಮಾಡಿ. ನೊರೆ ಬರುತ್ತದೆ, ಬಾಟಲಿ ಗಟ್ಟಿಯಾಗುತ್ತದೆ. ಮತ್ತೆ ತೂಗಿ, ತೂಕ ಮೊದಲಿನಷ್ಟೇ ಇರುತ್ತದೆ. ಈಗ ಮುಚ್ಚಳ ಮೆಲ್ಲಗೆ ತಿರುಗಿಸಿ, ಸುಸ್ಸೆಂದು ಅನಿಲ ಹೋಗಲಿ. ಮುಚ್ಚಳ ಸಮೇತ ತೂಗಿದರೆ ಒಂದೆರಡು ಗ್ರಾಂ ಕಡಿಮೆ ಬರುತ್ತದೆ. ಗಾಜಿನ ಬಾಟಲಿ ಬಳಸಬೇಡಿ, ಸೋಡಾ ಒಂದು ಚಮಚಕ್ಕಿಂತ ಜಾಸ್ತಿ ಹಾಕಬೇಡಿ, ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ.